ಫ್ಲೂ ಲಸಿಕೆ: ದೊಡ್ಡವರು, ಬಸುರಿಯರು ಯಾವಾಗ, ಹೇಗೆ ಹಾಕಿಸಿಕೊಳ್ಳಬೇಕು

ದೊಡ್ಡವರಿಗೆ ಲಸಿಕೆ ಯಾಕೆ, ಅದೂ ಪ್ರತಿ ವರ್ಷ ಯಾಕೆ, ಹೊಟ್ಟೆಯಲ್ಲಿ ಮಗು ಇರುವಾಗ ಸುಮ್ನೆ ಯಾಕೆ ಇಂಜೆಕ್ಷನ್ ತೆಗೆದುಕೊಳ್ಳಬೇಕು? ಫ್ಲೂ ಲಸಿಕೆ ಮಾತು ಬಂದಾಗಲೆಲ್ಲ ಈ ಪ್ರಶ್ನೆಗಳು ಬರುತ್ತವೆ. ಕೇಳುವುದು ತಪ್ಪಲ್ಲ. ಆದರೆ ಉತ್ತರ ಸಿಗದೆ 'ಆಮೇಲೆ ನೋಡೋಣ' ಅಂತ ಮುಂದಕ್ಕೆ ಹಾಕುತ್ತಾ ಹೋದರೆ ಫ್ಲೂ ಹರಡುವ ಸೀಸನ್ನೇ ಮುಗಿದುಹೋಗುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ದೊಡ್ಡವರಿಗೆಲ್ಲ ಈ ಲಸಿಕೆ ಒಳ್ಳೆಯದು, ಕೆಲವರಿಗೆ ತುಂಬಾ ಬೇಕಾದದ್ದು, ಬಸುರಿಯರಿಗಂತೂ ಬಿಡಲೇಬಾರದ್ದು. ಯಾಕೆ, ಯಾವಾಗ, ಯಾವುದು, ಹೇಗೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು, ಫ್ಲೂ ಅಂದ್ರೆ ಏನು

ನೆಗಡಿ ಮೆಲ್ಲಗೆ ಬರುತ್ತದೆ. ಮೂಗು ಸೋರುತ್ತದೆ, ಗಂಟಲು ಕೆರೆಯುತ್ತದೆ, ಸೀನುತ್ತಲೇ ಕೆಲಸ ಮಾಡಿಕೊಂಡು ಇರಬಹುದು. ಫ್ಲೂ, ಅಂದ್ರೆ ಇನ್‌ಫ್ಲುಯೆಂಜಾ ವೈರಸ್ಸಿನಿಂದ ಬರುವ ಕಾಯಿಲೆ, ಹಾಗಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ಹೊತ್ತಿಗೆ ಚಳಿಜ್ವರ, ಮೈಕೈ ನೋವು, ತಲೆನೋವು, ಒಣ ಕೆಮ್ಮು ಅಂತ ಹಾಸಿಗೆ ಹಿಡಿಯುತ್ತಾರೆ. ವೈರಸ್ ಒಳಹೊಕ್ಕ ಒಂದರಿಂದ ನಾಲ್ಕು ದಿನದೊಳಗೆ ಲಕ್ಷಣ ಶುರುವಾಗುತ್ತದೆ. ಇನ್ನೊಂದು ವಿಷಯ, ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಅದು ಬೇರೆಯವರಿಗೆ ಹರಡಬಲ್ಲದು. ಹಾಗಾಗಿ ಹುಷಾರಿಲ್ಲದವರಿಂದ ದೂರ ಇದ್ದರೆ ಸಾಕು ಅನ್ನುವ ಲೆಕ್ಕ ಪೂರ್ತಿ ಕೆಲಸ ಮಾಡುವುದಿಲ್ಲ.

ಬಹಳಷ್ಟು ಜನ ಒಂದು ವಾರದಲ್ಲಿ ಸುಧಾರಿಸಿಕೊಳ್ಳುತ್ತಾರೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ನೋಡಿ: ವರ್ಷಕ್ಕೆ ಸುಮಾರು 100 ಕೋಟಿ ಜನಕ್ಕೆ ಫ್ಲೂ ಬರುತ್ತದೆ, 30ರಿಂದ 50 ಲಕ್ಷ ಜನಕ್ಕೆ ಅದು ಜೋರಾಗುತ್ತದೆ, ಉಸಿರಾಟದ ತೊಂದರೆಯಿಂದಲೇ 2.9 ಲಕ್ಷದಿಂದ 6.5 ಲಕ್ಷ ಜನ ಸಾಯುತ್ತಾರೆ. ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಒಂದು ಅಪಾಯ. ಹೃದಯದ್ದು ಇನ್ನೊಂದು. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಜಾಸ್ತಿ ಇರುತ್ತದೆ ಅಂತ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಹೃದಯದ ತೊಂದರೆ ಇರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನಿಮಗೆ ಎಷ್ಟು ತುರ್ತು ಅಂತ ನೋಡಿಕೊಳ್ಳಿ

ಹುಟ್ಟಿ ಆರು ತಿಂಗಳು ದಾಟಿದ ಯಾರು ಬೇಕಾದರೂ ಹಾಕಿಸಿಕೊಳ್ಳಬಹುದು. ಆದರೆ ಎಲ್ಲರಿಗೂ ಒಂದೇ ಅವಸರ ಇಲ್ಲ. ಬಸುರಿಯರು, ವಯಸ್ಸಾದವರು, ಸಕ್ಕರೆ ಕಾಯಿಲೆ, ಅಸ್ತಮಾ ಅಥವಾ ಬೇರೆ ಶ್ವಾಸಕೋಶದ ಕಾಯಿಲೆ, ಹೃದಯ, ಕಿಡ್ನಿ, ಲಿವರ್ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗಾಂಗ ಕಸಿ ಆದವರು, ಎಚ್‌ಐವಿ ಇರುವವರು, ತೂಕ ತುಂಬಾ ಜಾಸ್ತಿ ಇರುವವರು, ಇವರೆಲ್ಲ ಸಾಲಿನ ಮುಂದೆ ನಿಲ್ಲಬೇಕಾದವರು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರೂ ಅಷ್ಟೇ, ಯಾಕಂದ್ರೆ ಅವರ ಕೈಗೆ ಬರುವವರೆಲ್ಲ ಮೊದಲೇ ನಿತ್ರಾಣವಾಗಿರುವವರು.

ನೀವು ಇಪ್ಪತ್ತೈದರ ಗಟ್ಟಿಮುಟ್ಟು ಆಳಾಗಿದ್ದು, ಮನೆಯಲ್ಲಿ ಹಸುಗೂಸೋ, ಎಪ್ಪತ್ತು ದಾಟಿದ ಅಜ್ಜಿಯೋ ಇದ್ದರೆ ನಿಮ್ಮ ಲಸಿಕೆಗೂ ಬೆಲೆ ಇದೆ. ವೈರಸ್ಸನ್ನು ಹೊರಗಿನಿಂದ ಮನೆಯೊಳಗೆ ತರುವವರು ಸಾಮಾನ್ಯವಾಗಿ ಓಡಾಡುವವರೇ ಅಲ್ವಾ?

ಬಸುರಿಯರಿಗೆ ಯಾಕೆ ಇಷ್ಟು ಒತ್ತಿ ಹೇಳುವುದು

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ಮನೆಯಲ್ಲಿ ಬಸುರಿ ಇದ್ದರೆ ಅವರ ಜೊತೆ ಕೂತು ಓದಿದರೆ ಇನ್ನೂ ಒಳ್ಳೆಯದು, ಯಾಕಂದ್ರೆ ಎಷ್ಟೋ ಸಲ ಬೇಡ ಅನ್ನುವುದು ಅವರಲ್ಲ, ಸುತ್ತಲಿನವರು.

ಬಸುರಿಯಾಗಿದ್ದಾಗ ಮೈ ಬೇರೆ ಥರ ನಡೆಯುತ್ತದೆ. ಹೃದಯ ಜಾಸ್ತಿ ರಕ್ತ ಪಂಪ್ ಮಾಡುತ್ತಿರುತ್ತದೆ. ಹೊಟ್ಟೆ ಬೆಳೆದ ಹಾಗೆಲ್ಲ ಅದು ಮೇಲಕ್ಕೆ ಒತ್ತುವುದರಿಂದ ಶ್ವಾಸಕೋಶಕ್ಕೆ ಜಾಗ ಕಡಿಮೆ. ರೋಗ ಎದುರಿಸುವ ವ್ಯವಸ್ಥೆಯೂ ಮಗುವಿಗೆ ಹೊಂದಿಕೊಳ್ಳುವ ಹಾಗೆ ಬದಲಾಗಿರುತ್ತದೆ. ಇಂಥ ಹೊತ್ತಲ್ಲಿ ಫ್ಲೂ ಶ್ವಾಸಕೋಶಕ್ಕೆ ಇಳಿದರೆ ತಡೆದುಕೊಳ್ಳುವುದು ಕಷ್ಟ. 2009ರಲ್ಲಿ ಎಚ್1ಎನ್1, ಅಂದ್ರೆ ಹಂದಿಜ್ವರ ಅಂತ ಕರೆದ ಫ್ಲೂ, ಹರಡಿದಾಗ ಅಮೆರಿಕದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಅಲ್ಲಿನ ಜನಸಂಖ್ಯೆಯಲ್ಲಿ ಬಸುರಿಯರು ಸುಮಾರು ಶೇ. 1, ಆದರೆ ಆ ಫ್ಲೂನಿಂದ ಸತ್ತವರಲ್ಲಿ ಅವರು ಸುಮಾರು ಶೇ. 5. ಹೆರಿಗೆಯಾದ ಮೊದಲ ಎರಡು ವಾರವೂ ಅಪಾಯ ಇದ್ದೇ ಇರುತ್ತದೆ. ಇದರ ಮೇಲೆ, ಮೊದಲ ತಿಂಗಳುಗಳಲ್ಲಿ ಬರುವ ಜೋರು ಜ್ವರಕ್ಕೂ ಮಗುವಿನ ಮೆದುಳು, ಬೆನ್ನುಹುರಿಯ ಬೆಳವಣಿಗೆಯ ದೋಷಗಳಿಗೂ ನಂಟು ಕಂಡುಬಂದಿದೆ. ಕೊನೆಯ ತಿಂಗಳುಗಳಲ್ಲಿ ಫ್ಲೂ ಜೋರಾದರೆ ದಿನ ತುಂಬುವ ಮುಂಚೆ ಹೆರಿಗೆ ಆಗುವ ಭಯ ಇರುತ್ತದೆ.

ಇನ್ನು ಕೂಸಿನ ವಿಷಯ. ಆರು ತಿಂಗಳು ತುಂಬದ ಮಗುವಿಗೆ ಕೊಡಲು ಒಪ್ಪಿಗೆ ಸಿಕ್ಕ ಫ್ಲೂ ಲಸಿಕೆಯೇ ಇಲ್ಲ. ಆ ವಯಸ್ಸಿನಲ್ಲೇ ಫ್ಲೂ ಬಂದರೆ ಆಸ್ಪತ್ರೆ ಸೇರಬೇಕಾಗುವ ಸಾಧ್ಯತೆ ಜಾಸ್ತಿ. ಹಾಗಾದರೆ ದಾರಿ ಏನು? ಅಮ್ಮನೇ ದಾರಿ. ಬಸುರಿ ಲಸಿಕೆ ಹಾಕಿಸಿಕೊಂಡರೆ ಅವಳ ಮೈಯಲ್ಲಿ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳು ಹುಟ್ಟುತ್ತವೆ, ಅವು ಮಾಸು ದಾಟಿ ಮಗುವಿನ ರಕ್ತಕ್ಕೆ ಸೇರುತ್ತವೆ. ಮಗು ಹುಟ್ಟುವಾಗಲೇ ಒಂದಿಷ್ಟು ರಕ್ಷಣೆ ಜೊತೆಯಲ್ಲಿ ತಂದಿರುತ್ತದೆ. ಎದೆಹಾಲಿನಿಂದಲೂ ಸ್ವಲ್ಪ ಸಿಗುತ್ತದೆ. ಬಾಂಗ್ಲಾದೇಶದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆ ಪಡೆದ ಅಮ್ಮಂದಿರ ಕೂಸುಗಳಲ್ಲಿ ಪರೀಕ್ಷೆಯಿಂದ ಖಚಿತವಾದ ಫ್ಲೂ ಶೇ. 63ರಷ್ಟು ಕಡಿಮೆ ಇತ್ತು. ಆಮೇಲೆ ದಕ್ಷಿಣ ಆಫ್ರಿಕಾ, ಮಾಲಿ, ನೇಪಾಳದಲ್ಲೂ ಇಂಥ ಅಧ್ಯಯನಗಳು ನಡೆದವು. ಅಲ್ಲಿ ಲಾಭದ ಪ್ರಮಾಣ ಇದಕ್ಕಿಂತ ಕಡಿಮೆ ಕಂಡರೂ ಲಾಭ ಇರುವುದು ಕಂಡಿತು. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಫ್ಲೂ ಲಸಿಕೆ ಕೊಡುವ ದೇಶಗಳು ಬಸುರಿಯರಿಗೆ ಎಲ್ಲಕ್ಕಿಂತ ಮೊದಲ ಆದ್ಯತೆ ಕೊಡಬೇಕು ಅಂತ ಹೇಳಿತು.

ಯಾವ ತಿಂಗಳಲ್ಲಿ ಹಾಕಿಸಬೇಕು? ಯಾವ ತಿಂಗಳಾದರೂ ಸರಿ. ಮೂರು ತಿಂಗಳು ಕಳೆಯಲಿ ಅಂತ ಕಾಯಲೇಬೇಕು ಅನ್ನುವುದು ಹಳೆಯ ಮಾತು. ಸೀಸನ್ ಹತ್ತಿರ ಇದ್ದರೆ ಎರಡನೇ ತಿಂಗಳಲ್ಲೂ ಹಾಕಿಸಬಹುದು, ಒಂಬತ್ತನೇ ತಿಂಗಳಲ್ಲೂ ಹಾಕಿಸಬಹುದು. ಬಸುರಿ ಅಂತ ಗೊತ್ತಾಗುವ ಮುಂಚೆ ಹಾಕಿಸಿಕೊಂಡಿದ್ದರೂ ಗಾಬರಿ ಬೇಡ. ಅದೇ ಸೀಸನ್ನಿನದ್ದಾಗಿದ್ದರೆ ಮತ್ತೊಂದು ಬೇಕಿಲ್ಲ. ಆದರೆ ಬಸುರಿನ ಒಂಬತ್ತು ತಿಂಗಳು ಎರಡು ಸೀಸನ್ನಿಗೆ ಚಾಚಿಕೊಂಡರೆ, ಹೊಸ ಸೀಸನ್ನಿನ ಲಸಿಕೆ ಬಂದಾಗ ಅದನ್ನೂ ಹಾಕಿಸಬೇಕು. ಹೋದ ಬಸುರಿನಲ್ಲಿ ಹಾಕಿಸಿದ್ದೆ ಅನ್ನುವುದು ಈ ಬಸುರಿನ ಮಗುವಿಗೆ ಉಪಯೋಗಕ್ಕೆ ಬರುವುದಿಲ್ಲ.

ಗರ್ಭಪಾತದ ಭಯ ಬಗ್ಗೆಯೂ ನೇರವಾಗಿ ಹೇಳಿಬಿಡಬೇಕು. 2017ರಲ್ಲಿ ಅಮೆರಿಕದ ಒಂದು ಅಧ್ಯಯನ, ಸತತ ಎರಡು ಸೀಸನ್ ಎಚ್1ಎನ್1 ಇದ್ದ ಲಸಿಕೆ ಪಡೆದವರಲ್ಲಿ ಗರ್ಭಪಾತದ ನಂಟು ಇರಬಹುದಾ ಅಂತ ಪ್ರಶ್ನೆ ಎತ್ತಿತ್ತು. ಅದನ್ನು ಮುಚ್ಚಿಡದೆ, ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಅಧ್ಯಯನ ಮಾಡಿದರು. ಅದರಲ್ಲಿ ಅಂಥ ನಂಟು ಸಿಗಲಿಲ್ಲ. ದಶಕಗಳಿಂದ ಲಕ್ಷಾಂತರ ಬಸುರಿಯರು ಈ ಲಸಿಕೆ ಪಡೆದಿದ್ದಾರೆ. ಸುರಕ್ಷಿತ ಅಂತ ವೈದ್ಯರು ಹೇಳುವುದು ಇದರ ಆಧಾರದ ಮೇಲೇ.

ಒಂದೇ ಒಂದು ಎಚ್ಚರಿಕೆ: ಬಸುರಿಯರು ಇಂಜೆಕ್ಷನ್ ರೂಪದ ಲಸಿಕೆಯನ್ನೇ ಪಡೆಯಬೇಕು. ಮೂಗಿಗೆ ಸಿಂಪಡಿಸುವ ಲಸಿಕೆ ಬೇಡ. ಅದರಲ್ಲಿ ಬಲ ಕುಗ್ಗಿಸಿದ ಜೀವಂತ ವೈರಸ್ ಇರುತ್ತದೆ.

ಯಾವಾಗ ಹೋಗಬೇಕು

ಲಸಿಕೆ ಹಾಕಿಸಿದ ದಿನವೇ ರಕ್ಷಣೆ ಸಿಗುವುದಿಲ್ಲ. ಮೈ ಅದನ್ನು ಗುರುತು ಹಿಡಿದು ತಯಾರಾಗಲು ಸುಮಾರು ಎರಡು ವಾರ ಬೇಕು. ಹಾಗಾಗಿ ಫ್ಲೂ ಶುರುವಾಗುವ ಮುಂಚೆಯೇ ಹಾಕಿಸಿರಬೇಕು. ಭೂಮಿಯ ಉತ್ತರಾರ್ಧದ ತಂಪು ದೇಶಗಳಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಸಮಯ. ದಕ್ಷಿಣಾರ್ಧದಲ್ಲಿ ಏಪ್ರಿಲ್, ಮೇ. ಸಮಭಾಜಕದ ಹತ್ತಿರದ ಬೆಚ್ಚಗಿನ ದೇಶಗಳಲ್ಲಿ ಫ್ಲೂ ವರ್ಷವಿಡೀ ಸ್ವಲ್ಪ ಸ್ವಲ್ಪ ಇದ್ದು ಮಳೆಗಾಲದಲ್ಲಿ ಏರುವುದು ಜಾಸ್ತಿ, ಕೆಲವು ಕಡೆ ವರ್ಷಕ್ಕೆ ಎರಡು ಸಲ ಏರುತ್ತದೆ. ಅಂಥ ಕಡೆ ಮಳೆ ಹಿಡಿಯುವ ಮುಂಚೆ ಹಾಕಿಸುವುದು ಲೇಸು. ಯಾವ ತಿಂಗಳು ಸರಿ ಅಂತ ಅಲ್ಲಿನ ವೈದ್ಯರಿಗೆ ಗೊತ್ತಿರುತ್ತದೆ, ಕೇಳಿ.

ತುಂಬಾ ಮುಂಚೆ ಹಾಕಿಸುವುದೂ ಅಷ್ಟು ಒಳ್ಳೆಯದಲ್ಲ, ಮುಖ್ಯವಾಗಿ ವಯಸ್ಸಾದವರು. ಈ ಲಸಿಕೆಯ ರಕ್ಷಣೆ ತಿಂಗಳು ಕಳೆದ ಹಾಗೆ ಇಳಿಯುತ್ತದೆ. ಬಸುರಿಯರಲ್ಲಿ ಏಳು ತಿಂಗಳು ತುಂಬಿದವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅವರು ಹೊಸ ಲಸಿಕೆ ಬಂದ ಕೂಡಲೇ ಹಾಕಿಸಬಹುದು, ಯಾಕಂದ್ರೆ ಸೀಸನ್ ಬರುವ ಹೊತ್ತಿಗೆ ಕೂಸು ತೊಟ್ಟಿಲಲ್ಲಿ ಇರುತ್ತದೆ. ಇನ್ನು ತಡ ಆಯಿತು ಅಂತ ಕೈಬಿಡಬೇಡಿ. ಸುತ್ತಮುತ್ತ ಫ್ಲೂ ಇನ್ನೂ ಇದ್ದರೆ ಸೀಸನ್ ಮಧ್ಯದಲ್ಲಿ ಹಾಕಿಸಿದರೂ ಉಪಯೋಗ ಇದೆ. ದೂರದ ದೇಶಕ್ಕೆ ಹೊರಟಿದ್ದರೆ, ಅಲ್ಲಿ ಯಾವ ಸೀಸನ್ ನಡೆಯುತ್ತಿದೆ ಅಂತ ನೋಡಿಕೊಂಡು ಎರಡು ವಾರ ಮುಂಚೆ ಮುಗಿಸಿ.

ಪ್ರತಿ ವರ್ಷ ಯಾಕೆ, ಮತ್ತು ಡಬ್ಬಿ ಮೇಲೆ ಏನು ನೋಡಬೇಕು

ಎರಡು ಕಾರಣ. ಒಂದು, ಆಗಲೇ ಹೇಳಿದ ಹಾಗೆ ರಕ್ಷಣೆ ಇಳಿಯುತ್ತದೆ. ಎರಡು, ವೈರಸ್ ತನ್ನ ಮೇಲ್ಮೈಯನ್ನು ಬದಲಿಸುತ್ತಲೇ ಇರುತ್ತದೆ, ಹೋದ ವರ್ಷ ಗುರುತು ಹಿಡಿದ ಪ್ರತಿಕಾಯಕ್ಕೆ ಈ ವರ್ಷ ಗುರುತೇ ಸಿಗದಿರಬಹುದು. ಅದಕ್ಕಾಗಿ ಹಲವಾರು ದೇಶಗಳ ಲ್ಯಾಬುಗಳು ವರ್ಷವಿಡೀ ಮಾದರಿ ಪರೀಕ್ಷೆ ಮಾಡುತ್ತವೆ. 1952ರಿಂದ ನಡೆಯುತ್ತಿರುವ ಜಾಲ ಇದು. ಅವುಗಳ ಮಾಹಿತಿ ಇಟ್ಟುಕೊಂಡು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ, ಉತ್ತರಾರ್ಧಕ್ಕೆ ಫೆಬ್ರವರಿ ಹೊತ್ತಿಗೆ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರ್ ಹೊತ್ತಿಗೆ, ಮುಂದಿನ ಲಸಿಕೆಯಲ್ಲಿ ವೈರಸ್ಸಿನ ಯಾವ ತಳಿಗಳು ಇರಬೇಕು ಅಂತ ಹೇಳುತ್ತಾರೆ. ಮೊಟ್ಟೆಯಲ್ಲಿ ವೈರಸ್ ಬೆಳೆಸಿ ಲಸಿಕೆ ಮಾಡಲು ತಿಂಗಳುಗಟ್ಟಲೆ ಬೇಕು, ಅದಕ್ಕೇ ಇಷ್ಟು ಮುಂಚೆ ಅಂದಾಜು ಮಾಡುವುದು. ಅಂದಾಜು ಕೆಲವು ವರ್ಷ ಚೆನ್ನಾಗಿ ಕೂಡುತ್ತದೆ, ಕೆಲವು ವರ್ಷ ಅಷ್ಟು ಕೂಡುವುದಿಲ್ಲ.

ಡಬ್ಬಿ ಕೈಗೆ ಸಿಕ್ಕರೆ ಒಮ್ಮೆ ಓದಿ ನೋಡಿ. ತಳಿಗಳ ಹೆಸರು ಹೀಗಿರುತ್ತದೆ: ಎ/ವಿಕ್ಟೋರಿಯಾ/4897/2022, ಎಚ್1ಎನ್1. ಮೊದಲ ಅಕ್ಷರ ವೈರಸ್ಸಿನ ಬಗೆ, ಆಮೇಲೆ ಮಾದರಿ ಸಿಕ್ಕ ಜಾಗ, ಅದರ ನಂಬರು, ಸಿಕ್ಕ ವರ್ಷ. 2022 ಅಂತ ಇದೆ ಅಂತ ಇದು ಹಳೆಯ ಲಸಿಕೆ ಅಂದುಕೊಳ್ಳಬೇಡಿ, ಅದು ಮಾದರಿಯ ವರ್ಷ ಅಷ್ಟೇ. ನೀವು ನೋಡಬೇಕಾದ್ದು ಯಾವ ಸೀಸನ್ನಿಗೆ ಮಾಡಿದ್ದು ಅನ್ನುವುದು ಮತ್ತು ಅವಧಿ ಮುಗಿಯುವ ದಿನಾಂಕ.

ಮೂರು ತಳಿಯದ್ದಾ, ನಾಲ್ಕು ತಳಿಯದ್ದಾ ಅಂತಲೂ ಜನ ಕೇಳುತ್ತಾರೆ. ನಾಲ್ಕು ಇದ್ದರೆ ಜಾಸ್ತಿ ಒಳ್ಳೆಯದು ಅನ್ನಿಸುವುದು ಸಹಜ. ಆದರೆ ನಾಲ್ಕನೆಯದಾಗಿದ್ದ ಬಿ/ಯಾಮಗಾಟಾ ಬಗೆಯ ವೈರಸ್ 2020ರ ಮಾರ್ಚ್ ನಂತರ ಜನರಲ್ಲಿ ಹರಡುತ್ತಿರುವುದು ಖಚಿತವಾಗಿ ಕಂಡಿಲ್ಲ. ಹಾಗಾಗಿ 2023ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಅದು ಇನ್ನು ಬೇಕಿಲ್ಲ ಅಂದಿತು. ಮೂರು ತಳಿಯದ್ದು ಸಿಕ್ಕರೆ ಏನೂ ಕಳೆದುಕೊಂಡ ಹಾಗಲ್ಲ.

ಬಗೆಗಳ ವಿಷಯಕ್ಕೆ ಬಂದರೆ, ಹೆಚ್ಚಾಗಿ ಸಿಗುವುದು ನಿಷ್ಕ್ರಿಯ, ಅಂದ್ರೆ ಜೀವಂತವಲ್ಲದ, ವೈರಸ್ಸಿನ ಇಂಜೆಕ್ಷನ್. ಮೊಟ್ಟೆ ಬಳಸದೆ ಜೀವಕೋಶಗಳಲ್ಲಿ ಬೆಳೆಸಿದ್ದೂ ಇದೆ, ವೈರಸ್ಸೇ ಇಲ್ಲದೆ ಅದರ ಒಂದು ಪ್ರೋಟೀನ್ ಮಾತ್ರ ತಯಾರಿಸಿ ಕೊಡುವುದೂ ಇದೆ. 65 ದಾಟಿದವರು ಒಂದು ಮಾತು ಕೇಳಿ ನೋಡಬೇಕು: ಹೈ ಡೋಸ್ ಅಥವಾ ಲಸಿಕೆಯ ಪರಿಣಾಮ ಹೆಚ್ಚಿಸುವ ಅಂಶ (ಅಡ್ಜುವಂಟ್) ಸೇರಿಸಿದ ಲಸಿಕೆ ಇದೆಯಾ? ವಯಸ್ಸಾದ ಮೈ ಲಸಿಕೆಗೆ ಅಷ್ಟು ಚುರುಕಾಗಿ ಸ್ಪಂದಿಸುವುದಿಲ್ಲ. ಅದಕ್ಕಾಗಿ ಹೈ ಡೋಸಿನಲ್ಲಿ ಪ್ರತಿ ತಳಿಯ ಅಂಶ 15 ಮೈಕ್ರೋಗ್ರಾಮ್ ಬದಲು 60 ಮೈಕ್ರೋಗ್ರಾಮ್ ಇರುತ್ತದೆ. ಅದು ಸಿಗಲಿಲ್ಲ ಅಂದ್ರೆ ಮಾಮೂಲಿನದ್ದನ್ನೇ ಹಾಕಿಸಿ. ಹುಡುಕುತ್ತಾ ಕೂತು ಸೀಸನ್ ಕಳೆಯಬೇಡಿ.

ಹೊರಡುವ ಮುಂಚೆ ಏನು ಹೇಳಬೇಕು

ವೈದ್ಯರಿಗೋ ನರ್ಸಿಗೋ ಈ ವಿಷಯಗಳನ್ನು ತಾವಾಗಿ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ. ಹಿಂದೆ ಫ್ಲೂ ಲಸಿಕೆಯಿಂದ ಉಸಿರು ಕಟ್ಟಿದ್ದು, ಮುಖ ಊದಿದ್ದು ಇದ್ದರೆ ಅದು ಎಲ್ಲಕ್ಕಿಂತ ಮುಖ್ಯ. ಲಸಿಕೆ ಪಡೆದ ಆರು ವಾರದೊಳಗೆ ಗಿಯಾನ್ ಬಾರೆ ಸಿಂಡ್ರೋಮ್, ಅಂದ್ರೆ ಕಾಲಿನಿಂದ ಮೇಲಕ್ಕೆ ಬಲ ಕಳೆದುಕೊಳ್ಳುತ್ತಾ ಹೋಗುವ ನರದ ತೊಂದರೆ, ಯಾವಾಗಲಾದರೂ ಆಗಿದ್ದರೆ ಅದನ್ನೂ ಹೇಳಿ. ಈ ಲಸಿಕೆಯಿಂದ ಅದು ಬರುವುದಾದರೂ ಹತ್ತು ಲಕ್ಷ ಡೋಸಿಗೆ ಒಂದೆರಡು ಅನ್ನುವಷ್ಟು ಅಪರೂಪ. ಫ್ಲೂ ಕಾಯಿಲೆಯಿಂದಲೇ ಅದು ಬರುವ ಸಾಧ್ಯತೆ ಇದಕ್ಕಿಂತ ಜಾಸ್ತಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಸೂಜಿ ತೆಗೆದ ಮೇಲೆ ಎರಡು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರೆ ಸಾಕು. ಕೀಮೋ ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನಡೆಯುತ್ತಿದ್ದರೆ ಯಾವ ದಿನ ಹಾಕಿಸಿದರೆ ಒಳ್ಳೆಯದು ಅಂತ ಕೇಳಿ. ಇಂಥವರಿಗೂ ಮೂಗಿನ ಸ್ಪ್ರೇ ಬೇಡ.

ಮೊಟ್ಟೆ ಅಲರ್ಜಿ? ಹಿಂದೆ ಇದನ್ನು ದೊಡ್ಡದಾಗಿ ನೋಡುತ್ತಿದ್ದರು. ಈಗ ಅಮೆರಿಕದ ಲಸಿಕೆ ಸಲಹಾ ಸಮಿತಿ, 2023ರಿಂದ, ಮೊಟ್ಟೆ ಅಲರ್ಜಿ ಇರುವವರೂ ಬೇರೆಯವರ ಹಾಗೇ ಹಾಕಿಸಬಹುದು, ವಿಶೇಷ ಏರ್ಪಾಡು ಬೇಕಿಲ್ಲ ಅನ್ನುತ್ತದೆ. ಆದರೂ ನಿಮ್ಮ ವೈದ್ಯರಿಗೆ ಒಂದು ಮಾತು ತಿಳಿಸಿರಿ.

ಸಣ್ಣ ನೆಗಡಿ, ಕೆಮ್ಮು ಇದ್ದರೆ ತೊಂದರೆ ಇಲ್ಲ. ಜ್ವರ ಜೋರಾಗಿದ್ದರೆ ಇಳಿದ ಮೇಲೆ ಹೋಗಿ. ನೋವು ಬಾರದಿರಲಿ ಅಂತ ಮುಂಚೆಯೇ ಮಾತ್ರೆ ನುಂಗಬೇಡಿ.

ಬಸುರಿಯರು ಇದೇ ಭೇಟಿಯಲ್ಲಿ ನಾಯಿಕೆಮ್ಮಿನ ಲಸಿಕೆಯ ಬಗ್ಗೆಯೂ ಕೇಳಬಹುದು. ಟಿಡ್ಯಾಪ್ ಅನ್ನುತ್ತಾರೆ, ಸಾಮಾನ್ಯವಾಗಿ 27ರಿಂದ 36ನೇ ವಾರದೊಳಗೆ ಕೊಡುತ್ತಾರೆ. ಎರಡನ್ನೂ ಒಂದೇ ದಿನ ಕೊಡಬಹುದು, ಬೇರೆ ಬೇರೆ ತೋಳಿಗೆ. ಆದರೆ ಅದರ ವಾರ ಬರಲಿ, ಎರಡೂ ಒಟ್ಟಿಗೆ ಆಗಲಿ ಅಂತ ಫ್ಲೂ ಲಸಿಕೆಯನ್ನು ತಡೆಹಿಡಿಯಬೇಡಿ.

ಕೆಲವರಿಗೆ ಲಸಿಕೆಯಲ್ಲಿರುವ ಪಾದರಸದ ಚಿಂತೆ. ಹಲವು ಡೋಸ್ ಇರುವ ಸೀಸೆಗಳಲ್ಲಿ ಕೆಡದ ಹಾಗೆ ಥಯೋಮರ್ಸಲ್ ಅನ್ನುವ ವಸ್ತು ಅತಿ ಸ್ವಲ್ಪ ಹಾಕಿರುತ್ತಾರೆ. ಅದರಲ್ಲಿರುವುದು ಮೈಯಿಂದ ಬೇಗ ಹೊರಹೋಗುವ ಈಥೈಲ್ ಪಾದರಸ, ಅದರಿಂದ ಮಗುವಿಗೆ ಹಾನಿ ಆಗುತ್ತದೆ ಅನ್ನಲು ಆಧಾರ ಸಿಕ್ಕಿಲ್ಲ. ಮನಸ್ಸಿಗೆ ಸಮಾಧಾನ ಇಲ್ಲ ಅಂದ್ರೆ ಒಂದೇ ಡೋಸಿನ ಸಿರಿಂಜ್ ಕೇಳಿ. ಅದರಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ಕುರ್ಚಿಯಲ್ಲಿ ಕೂತಾಗ

ತೋಳು ಭುಜದ ತನಕ ಸುಲಭವಾಗಿ ತೆರೆಯುವಂಥ ಬಟ್ಟೆ ಹಾಕಿಕೊಂಡು ಹೋಗಿ. ಇದು ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ಬಿಗಿಯಾದ ತೋಳನ್ನು ಅರ್ಧಕ್ಕೆ ಏರಿಸಿ ಎಲ್ಲಿ ಸಿಕ್ಕಿತೋ ಅಲ್ಲಿ ಚುಚ್ಚಿಸಿಕೊಳ್ಳುವುದು ಸರಿಯಲ್ಲ. ಸರಿಯಾದ ಜಾಗ ಭುಜದ ಮೂಳೆಯ ತುದಿಯಿಂದ ಎರಡು ಮೂರು ಬೆರಳು ಕೆಳಗೆ, ಮಾಂಸ ತುಂಬಿರುವ ಕಡೆ. ತೀರಾ ಮೇಲೆ ಕೊಟ್ಟರೆ ಸೂಜಿ ಭುಜದ ಕೀಲಿಗೆ ತಗುಲಿ, ತಿಂಗಳುಗಟ್ಟಲೆ ಕೈ ಎತ್ತಲಾಗದ ನೋವು ಬರುವುದುಂಟು. ಕೊಡುವವರು ಬೆರಳಿಟ್ಟು ಮೂಳೆ ಗುರುತಿಸುತ್ತಿದ್ದರೆ ಅವರು ಕೆಲಸ ಬಲ್ಲವರು ಅಂತ ತಿಳಿಯಿರಿ.

ಸಿರಿಂಜ್ ಫ್ರಿಜ್ಜಿನಿಂದ ಬಂದಿರಬೇಕು. ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಿ ಕರಗಿದ್ದು ಕೆಲಸಕ್ಕೆ ಬಾರದು. ನೀವೇ ಕೊಂಡು ತರುವುದಾದರೆ ಐಸಿನ ಮೇಲೆ ನೇರವಾಗಿ ಇಡಬೇಡಿ, ಬಿಸಿಲಲ್ಲೂ ಬಿಡಬೇಡಿ. ಆದಷ್ಟು ಕೊಡುವ ಜಾಗದಲ್ಲೇ ಇಟ್ಟಿರುವ ಲಸಿಕೆ ಹಾಕಿಸಿಕೊಳ್ಳುವುದು ಉತ್ತಮ.

ಕೂತೇ ಹಾಕಿಸಿಕೊಳ್ಳಿ. ದಿನವೂ ಯಾವ ಕೈಯಲ್ಲಿ ಜಾಸ್ತಿ ಕೆಲಸ ಮಾಡುತ್ತೀರೋ ಅದು ಬಿಟ್ಟು ಇನ್ನೊಂದು ಕೈ ಕೊಡಿ. ಮುಷ್ಟಿ ಬಿಗಿ ಹಿಡಿಯದೆ ಕೈಯನ್ನು ತೊಡೆ ಮೇಲೆ ಸಡಿಲವಾಗಿ ಬಿಡಿ, ಮಾಂಸಖಂಡ ಬಿಗಿದಿದ್ದರೆ ನೋವು ಜಾಸ್ತಿ. ಮಾಮೂಲಿ ಡೋಸ್ ಅರ್ಧ ಎಂಎಲ್, ಒಂದು ಉಸಿರು ಬಿಡುವಷ್ಟರಲ್ಲಿ ಮುಗಿಯುತ್ತದೆ. ದೊಡ್ಡವರಿಗೆ ಸೀಸನ್ನಿಗೆ ಒಂದೇ ಡೋಸ್ ಸಾಕು, ಎರಡು ಡೋಸಿನ ಮಾತು ಮೊದಲ ಸಲ ಹಾಕಿಸುವ ಚಿಕ್ಕ ಮಕ್ಕಳಿಗೆ.

ಮುಗಿದ ತಕ್ಷಣ ಎದ್ದು ಹೊರಡಬೇಡಿ. ಹದಿನೈದು ನಿಮಿಷ ಅಲ್ಲೇ ಕೂತಿರಿ. ಸೂಜಿ ಕಂಡರೆ ತಲೆಸುತ್ತು ಬರುವವರಿದ್ದರೆ ಮೊದಲೇ ಹೇಳಿದರೆ ಮಲಗಿಸಿ ಕೊಡುತ್ತಾರೆ. ಜೋರಾದ ಅಲರ್ಜಿ ತುಂಬಾ ಅಪರೂಪ, ಆದರೆ ಬಂದರೆ ಹೆಚ್ಚಾಗಿ ಈ ಹೊತ್ತಲ್ಲೇ ಬರುತ್ತದೆ. ಮೈಮೇಲೆ ದದ್ದು ಏಳುವುದು, ತುಟಿ ಊದುವುದು, ಉಸಿರಾಟಕ್ಕೆ ಕಷ್ಟ ಆಗುವುದು ಕಂಡರೆ ಕೂಡಲೇ ಕೂಗಿ ಹೇಳಿ. ಅಲ್ಲಿ ಅದಕ್ಕೆ ಔಷಧಿ ಇಟ್ಟುಕೊಂಡಿರುತ್ತಾರೆ.

ಹೊರಡುವಾಗ ಲಸಿಕೆಯ ಹೆಸರು, ಬ್ಯಾಚ್ ನಂಬರು, ದಿನಾಂಕ ಬರೆಸಿಕೊಳ್ಳಿ, ಅಥವಾ ಡಬ್ಬಿಯ ಫೋಟೋ ತೆಗೆದುಕೊಳ್ಳಿ. ಬಸುರಿಯರಾದರೆ ತಾಯಿ ಕಾರ್ಡಿನಲ್ಲಿ ಬರೆಸಿ.

ಆಮೇಲಿನ ಒಂದೆರಡು ದಿನ

ತೋಳು ನೋಯುತ್ತದೆ. ಮುಟ್ಟಿದರೆ ಚುರ್ ಅನ್ನುತ್ತದೆ, ಆ ಕಡೆ ಮಗ್ಗುಲಾಗಿ ಮಲಗಲು ಕಷ್ಟ ಆಗಬಹುದು. ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು, ಸುಸ್ತು. ಒಂದೆರಡು ದಿನದಲ್ಲಿ ಹೋಗುತ್ತದೆ. ತೋಳನ್ನು ಆಡಿಸುತ್ತಿರಿ, ತಣ್ಣೀರು ಬಟ್ಟೆ ಇಡಿ. ಬಸುರಿಯರಿಗೆ ಜ್ವರ ಬಂದರೆ ಸಹಿಸಿಕೊಂಡು ಕೂರಬೇಡಿ, ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆಗಳನ್ನು ನೀವಾಗಿ ತೆಗೆದುಕೊಳ್ಳಬೇಡಿ, ಅದರಲ್ಲೂ 20 ವಾರ ದಾಟಿದ ಮೇಲೆ. ಬಾಣಂತಿಯರು ಲಸಿಕೆ ಹಾಕಿಸಿಕೊಂಡು ಧಾರಾಳವಾಗಿ ಹಾಲು ಕುಡಿಸಬಹುದು.

'ಲಸಿಕೆ ಹಾಕಿಸಿದ ಮೇಲೇ ನನಗೆ ಫ್ಲೂ ಬಂತು' ಅನ್ನುವವರು ಎಲ್ಲೆಲ್ಲೂ ಸಿಗುತ್ತಾರೆ. ಇಂಜೆಕ್ಷನ್ನಿನಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ರಕ್ಷಣೆ ಕೂಡುವ ಆ ಎರಡು ವಾರದಲ್ಲೇ ಬೇರೆಯವರಿಂದ ಅಂಟಿರಬಹುದು, ಬೇರೆ ಯಾವುದೋ ನೆಗಡಿ ವೈರಸ್ ಇರಬಹುದು, ಇಲ್ಲಾ ಲಸಿಕೆ ಆ ವರ್ಷದ ವೈರಸ್ಸಿಗೆ ಸರಿಯಾಗಿ ಕೂಡದೆ ಇರಬಹುದು. ತಳಿ ಚೆನ್ನಾಗಿ ಕೂಡಿದ ವರ್ಷದಲ್ಲೂ ಇದು ವೈದ್ಯರ ಹತ್ತಿರ ಹೋಗಬೇಕಾಗುವ ಫ್ಲೂವನ್ನು ಶೇ. 40ರಿಂದ 60ರಷ್ಟು ಕಡಿಮೆ ಮಾಡುತ್ತದೆ, ನೂರಕ್ಕೆ ನೂರು ಅಲ್ಲ. ಇದನ್ನು ಮುಚ್ಚಿಟ್ಟು ಲಸಿಕೆ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಮಳೆಗೆ ಹಿಡಿದ ಕೊಡೆಯ ಕೆಳಗೂ ಕಾಲು ಒದ್ದೆಯಾಗುತ್ತದೆ, ಹಾಗಂತ ಕೊಡೆ ಬಿಟ್ಟು ಹೋಗುವುದಿಲ್ಲವಲ್ಲ. ಹಾಕಿಸಿಕೊಂಡವರಿಗೆ ಫ್ಲೂ ಬಂದರೂ ಅದು ಐಸಿಯು ತನಕ ಒಯ್ಯುವ ಸಾಧ್ಯತೆ ಕಡಿಮೆ. ಆಸ್ಪತ್ರೆ ಸೇರುವಷ್ಟು ಫ್ಲೂ ಜೋರಾಗುವುದು ಬಸುರಿಯರಲ್ಲಿ ಸರಾಸರಿ ಶೇ. 40ರಷ್ಟು ಕಡಿಮೆ ಅಂತ 2010ರಿಂದ 2016ರ ತನಕ ಹಲವು ದೇಶಗಳ ದಾಖಲೆ ನೋಡಿದ ಅಧ್ಯಯನ ಹೇಳಿದೆ.

ಲಸಿಕೆ ಹಾಕಿಸಿದ್ದೂ ಜ್ವರ ಬಂದರೆ

ಬಸುರಿಯರು, ಬಾಣಂತಿಯರು, ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಎರಡು ದಿನ ನೋಡೋಣ ಅನ್ನಬಾರದು. ಫ್ಲೂ ವೈರಸ್ಸಿಗೆ ಒಸೆಲ್ಟಾಮಿವಿರ್ ಅನ್ನುವ ಔಷಧಿ ಇದೆ, ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಸುರಿಯರಿಗೂ ಕೊಡುತ್ತಾರೆ. ಟೆಸ್ಟ್ ವರದಿ ಬರುವ ತನಕ ಕಾಯದೆ ಶುರು ಮಾಡುವುದೂ ಉಂಟು. ಅದು ವೈದ್ಯರ ತೀರ್ಮಾನ, ಆದರೆ ನೀವು ಬೇಗ ಹೋದರೆ ತಾನೇ ಅವರು ತೀರ್ಮಾನಿಸಲು ಆಗುವುದು. ಅಂಗಡಿಯಲ್ಲಿ ಆಂಟಿಬಯಾಟಿಕ್ ಕೇಳಿ ನುಂಗಬೇಡಿ, ವೈರಸ್ಸಿಗೆ ಅದು ಏನೂ ಮಾಡುವುದಿಲ್ಲ.

ಉಸಿರು ಸಾಲದ ಹಾಗೆ ಆಗುವುದು, ಎದೆ ನೋವು, ತುಟಿ ನೀಲಿಯಾಗುವುದು, ಮಾತು ತೊದಲುವುದು ಅಥವಾ ಗೊಂದಲ, ಮೂತ್ರ ತುಂಬಾ ಕಡಿಮೆಯಾಗುವುದು, ಇಳಿದ ಜ್ವರ ಮತ್ತೆ ಜೋರಾಗಿ ಏರುವುದು, ಬಸುರಿಯರಲ್ಲಿ ಮಗುವಿನ ಚಲನೆ ಕಡಿಮೆ ಅನ್ನಿಸುವುದು, ಇವುಗಳಲ್ಲಿ ಒಂದು ಕಂಡರೂ ಅದು ರಾತ್ರಿ ಎಷ್ಟು ಹೊತ್ತಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಹಾಲೂಡಿಸುವ ಅಮ್ಮನಿಗೆ ಫ್ಲೂ ಬಂದರೆ ಹಾಲು ನಿಲ್ಲಿಸಬೇಕಿಲ್ಲ. ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಕುಡಿಸಿ. ಎದ್ದು ಕೂರಲು ಆಗದಷ್ಟು ಸುಸ್ತಾಗಿದ್ದರೆ ಹಾಲು ಹಿಂಡಿಕೊಡಿ, ಮನೆಯ ಬೇರೆಯವರು ಕುಡಿಸಲಿ.

ಮಾತ್ರೆ ಇಲ್ಲದೆಯೇ ಜ್ವರ ಇಳಿದು 24 ಗಂಟೆ ಆಗುವ ತನಕ ಕೆಲಸಕ್ಕೆ ಹೋಗಬೇಡಿ. ಈ ಸೀಸನ್ನಿನಲ್ಲಿ ಲಸಿಕೆ ಹಾಕಿಸದೆ ಫ್ಲೂ ಬಂದು ವಾಸಿಯಾಗಿದ್ದರೆ, ಆಮೇಲೂ ಹಾಕಿಸಿಕೊಳ್ಳಿ. ಒಂದೇ ಸೀಸನ್ನಿನಲ್ಲಿ ಒಂದಕ್ಕಿಂತ ಹೆಚ್ಚು ತಳಿ ಓಡಾಡುತ್ತಿರುತ್ತವೆ, ನಿಮಗೆ ಬಂದುಹೋದದ್ದು ಅದರಲ್ಲಿ ಒಂದು ಮಾತ್ರ.